ಕೂಸು ಕಮಲಾಪುರದಲ್ಲಿ, ಕೋಡು ಕಲಬುರಗಿಯಲ್ಲಿ

ಪ್ರಶ್ನೆ: ನಾನು ಸಾಫ್ಟ್‌ವೇರ್ ಡೆವಲಪರ್. ಬೆಂಗಳೂರಿನ ಕಂಪನಿಯ ಕೆಲಸವನ್ನು ಕಲಬುರಗಿಯ ಮನೆಯಲ್ಲೇ ಕೂತು ಮಾಡುತ್ತೇನೆ. ಕನ್ನಡದ ಕಾಗುಣಿತ ತಪ್ಪು ಹಿಡಿಯುವ ತಂತ್ರಾಂಶವೊಂದನ್ನು ರಾತ್ರಿ ಹೊತ್ತು ಬರೆಯುವುದು ನನ್ನ ಹವ್ಯಾಸ. ಅದನ್ನು ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ಕೊಡಬೇಕೆಂಬ ಆಸೆ. ನಮಗೆ ಹೆಣ್ಣುಕೂಸು ಹುಟ್ಟಿ ಐದು ವಾರವಾಯಿತು. ಹೆಂಡತಿ (ಅವಳೂ ಸಾಫ್ಟ್‌ವೇರ್‌ನವಳೇ, ಈಗ ರಜೆಯಲ್ಲಿದ್ದಾಳೆ) ಬಾಣಂತನಕ್ಕೆ ತವರುಮನೆ ಕಮಲಾಪುರದಲ್ಲಿದ್ದಾಳೆ. ನಾನು ಶನಿವಾರ ಹೋಗಿ ಭಾನುವಾರ ವಾಪಸ್ ಬರುತ್ತೇನೆ. ‘ಕೂಸು ಮನೆಗೆ ಬಂತು ಅಂದ್ರ ನಿನ್ನ ಪ್ರೋಗ್ರಾಮಿಂಗ್ ಹುಚ್ಚು ಮುಗೀತು, ಅವರು ಅಲ್ಲಿರೋದ್ರಾಗ ಎಲ್ಲಾ ಬರೆದು ಮುಗಿಸಿಬಿಡು’ ಅಂತಾರೆ ಗೆಳೆಯರು. ಎರಡನ್ನೂ ನಿಭಾಯಿಸಿದವರು ಯಾರಾದರೂ ಇದ್ದಾರೆಯೇ? ಸಮಯ ಹೊಂದಿಸುವುದು ಹೇಗೆ?
— ಹೆಸರು ಬೇಡವೆಂದ ಓದುಗ, ಕಲಬುರಗಿ

ಉತ್ತರ: ನಿಮ್ಮ ಗೆಳೆಯರ ಸಲಹೆಯನ್ನು ಕಂಪ್ಯೂಟರ್ ಲೋಕದ ಘಟಾನುಘಟಿಯೊಬ್ಬರು ಐವತ್ತು ವರ್ಷಗಳ ಹಿಂದೆಯೇ ಪಾಲಿಸಿಯಾಗಿದೆ. 1969ರ ಬೇಸಿಗೆಯಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಎಂಬ ತರುಣ ಎಂಜಿನಿಯರ್ ಇದ್ದರು. ಮಲ್ಟಿಕ್ಸ್ ಎಂಬ ಭಾರೀ ಯೋಜನೆಯಿಂದ ಸಂಸ್ಥೆ ಅದೇ ವರ್ಷ ಹಿಂದೆ ಸರಿದಿತ್ತು. ಥಾಂಪ್ಸನ್ ಕೈಗೆ ಸಿಕ್ಕಿದ್ದು ಪಿಡಿಪಿ-7 ಎಂಬ ಹಳೆಯ, ಸಣ್ಣ ಯಂತ್ರ. ತಮ್ಮದೇ ಒಂದು ಆಪರೇಟಿಂಗ್ ಸಿಸ್ಟಮ್ ಬರೆಯಲು ಮೂರು ತುಂಡುಗಳಷ್ಟೇ ಬಾಕಿ ಎಂಬಲ್ಲಿಗೆ ಬಂದು ನಿಂತಿದ್ದರು. ಆಗ ಅವರ ಹೆಂಡತಿ ಬಾನಿ, ಸುಮಾರು ಒಂದು ವರ್ಷದ ಮಗನನ್ನು ಕರೆದುಕೊಂಡು ಮೂರು ವಾರದ ಮಟ್ಟಿಗೆ ಕ್ಯಾಲಿಫೋರ್ನಿಯಾದ ಬಂಧುಗಳ ಮನೆಗೆ ಹೋದರು. ಥಾಂಪ್ಸನ್ ಒಂದು ವಾರದಲ್ಲಿ ಎಡಿಟರ್ ಬರೆದರು, ಇನ್ನೊಂದು ವಾರದಲ್ಲಿ ಅಸೆಂಬ್ಲರ್, ಮೂರನೆಯ ವಾರದಲ್ಲಿ ಮಿಕ್ಕಿದ್ದು. ಯುನಿಕ್ಸ್ ಹುಟ್ಟಿತು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನೊಳಗಿರುವ ಲಿನಕ್ಸ್ ಆ ಯುನಿಕ್ಸ್‌ನ ಮಾದರಿಯಲ್ಲೇ ಕಟ್ಟಿದ್ದು. ಇದು ದಂತಕಥೆಯಲ್ಲ, ಥಾಂಪ್ಸನ್ ತಾವೇ ಸಭೆಯಲ್ಲಿ ಹೇಳಿಕೊಂಡಿದ್ದಾರೆ, ಅವರ ಸಹೋದ್ಯೋಗಿ ಬ್ರಯಾನ್ ಕರ್ನಿಘನ್ 2019ರಲ್ಲಿ ಬರೆದ ಯುನಿಕ್ಸ್ ಇತಿಹಾಸದಲ್ಲೂ ಇದೆ.

ಈ ಕಥೆ ಹೇಳುವವರೆಲ್ಲ ‘ನೋಡ್ರಿ, ಬರೇ ಮೂರು ವಾರ!’ ಎಂದು ಬೆರಗಾಗುತ್ತಾರೆ. ಬೆರಗಾಗಬೇಕಾದದ್ದೇ. ಆದರೆ ಆ ಮೂರು ವಾರ ಎಲ್ಲಿಂದ ಬಂತು? ನಡೆಯಲು ಕಲಿಯುವ ವಯಸ್ಸಿನ ಕೂಸನ್ನು ದೇಶದ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಹೊತ್ತೊಯ್ದು, ಉಣಿಸಿ, ತೊಳೆದು, ಮಲಗಿಸಿದವರು ಬಾನಿ ಥಾಂಪ್ಸನ್. ಕಂಪ್ಯೂಟರ್ ಚರಿತ್ರೆಯಲ್ಲಿ ಅವರಿಗೆ ಸಿಕ್ಕಿರುವುದು ಅರ್ಧ ವಾಕ್ಯ.

ನಿಮ್ಮ ಈಗಿನ ಪರಿಸ್ಥಿತಿ ಹೆಚ್ಚುಕಡಿಮೆ ಇದೇ, ಕ್ಯಾಲಿಫೋರ್ನಿಯಾದ ಬದಲು ಹುಮನಾಬಾದ್ ರಸ್ತೆಯ ಮೇಲಿನ ಕಮಲಾಪುರ, ಅಷ್ಟೆ. ಹಾಗಾಗಿ ‘ಸಮಯ ಹೊಂದಿಸುವುದು ಹೇಗೆ’ ಎಂಬ ನಿಮ್ಮ ಪ್ರಶ್ನೆಯನ್ನು ಕೊಂಚ ತಿರುಗಿಸಿ ಕೇಳುತ್ತೇನೆ: ನೀವು ಕೋಡ್ ಬರೆಯುವ ಪ್ರತಿ ಗಂಟೆಯೂ ಯಾರ ಲೆಕ್ಕದಿಂದ ಬರುತ್ತಿದೆ? ದಿನಕ್ಕೆ ಇಪ್ಪತ್ತೈದನೆಯ ಗಂಟೆ ಯಾರಿಗೂ ಇಲ್ಲ. ಮನೆಯಲ್ಲಿ ಎಳೆಗೂಸಿದ್ದಾಗ ಒಬ್ಬರ ಬಿಡುವು ಎಂದರೆ ಇನ್ನೊಬ್ಬರ ಪಾಳಿ. ಹವ್ಯಾಸ ಬಿಡಿ ಎಂದು ನಾನು ಹೇಳುವುದಿಲ್ಲ. ಕೇಳಿ ಪಡೆಯಿರಿ, ಪಡೆದಷ್ಟನ್ನು ತಿರುಗಿ ಕೊಡಿ ಎನ್ನುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಕಂಸದೊಳಗಿನ ಮಾತಿನ ಮೇಲೆ. ಅವರೂ ಸಾಫ್ಟ್‌ವೇರ್‌ನವರು! ಹಾಗಾದರೆ ಈ ಪ್ರಶ್ನೆ ಕಮಲಾಪುರದಿಂದ ಯಾಕೆ ಬರಲಿಲ್ಲ? ಕೂಸು ಹುಟ್ಟಿದ ಮೇಲೆ ಹವ್ಯಾಸದ ಗತಿಯೇನು ಎಂದು ಗಂಡ ಪತ್ರಿಕೆಗೆ ಬರೆಯುತ್ತಾನೆ. ಹೆಂಡತಿಯ ಹವ್ಯಾಸವೇನಿತ್ತು ಎಂಬುದು ಆ ಪತ್ರದಲ್ಲಿ ಇರುವುದಿಲ್ಲ. ನಿಮ್ಮನ್ನು ಚುಚ್ಚಲು ಹೇಳುತ್ತಿಲ್ಲ. ಇಂಥ ಪತ್ರಗಳೆಲ್ಲ ಬಹುತೇಕ ಹೀಗೇ ಇರುತ್ತವೆ.

ಎರಡನ್ನೂ ನಿಭಾಯಿಸಿದವರು ಇದ್ದಾರೆಯೇ ಎಂದಿರಿ. ಇದ್ದಾರೆ, ಮಾರ್ಗರೆಟ್ ಹ್ಯಾಮಿಲ್ಟನ್. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಅಪೋಲೊ ನೌಕೆಗಳ ಒಳಗಿನ ತಂತ್ರಾಂಶ ಬರೆದ ಎಂಐಟಿ ತಂಡದ ಮುಖ್ಯಸ್ಥೆ. ರಾತ್ರಿ ಮತ್ತು ವಾರಾಂತ್ಯದಲ್ಲಿ ಕೆಲಸ ಬಿದ್ದಾಗ ಪುಟ್ಟ ಮಗಳು ಲಾರೆನ್‌ಳನ್ನು ಪ್ರಯೋಗಾಲಯಕ್ಕೇ ಕರೆದುಕೊಂಡು ಹೋಗುತ್ತಿದ್ದರು. ಅಮ್ಮನಂತೆ ತಾನೂ ಗಗನಯಾತ್ರಿಯ ಆಟ ಆಡುತ್ತ ಲಾರೆನ್ ಒಂದು ದಿನ ಸಿಮ್ಯುಲೇಟರಿನ ಗುಂಡಿ ಒತ್ತಿದಳು, ಹಾರಾಟದ ನಡುವೆ ಉಡಾವಣೆಗೆ ಮುಂಚಿನ ಪ್ರೋಗ್ರಾಮ್ ಶುರುವಾಗಿ ಎಲ್ಲ ಕುಸಿದುಬಿತ್ತು. ಗಗನಯಾತ್ರಿಯೂ ಹೀಗೆ ಒತ್ತಿಬಿಟ್ಟರೆ ಎಂದು ಹ್ಯಾಮಿಲ್ಟನ್ ತಡೆ ಹಾಕಲು ಹೊರಟರು. ತರಬೇತಾದವರು ಅಂಥ ತಪ್ಪು ಮಾಡುವುದಿಲ್ಲ ಎಂದು ಮೇಲಿನವರು ಒಪ್ಪಲಿಲ್ಲ. 1968ರ ಡಿಸೆಂಬರಿನಲ್ಲಿ ಅಪೋಲೊ-8 ಚಂದ್ರನ ಕಡೆಯಿಂದ ಮರಳುವಾಗ ಜಿಮ್ ಲೊವೆಲ್ ಅದೇ ತಪ್ಪು ಮಾಡಿದರು! ದಿಕ್ಕಿನ ಮಾಹಿತಿ ಅಳಿಸಿಹೋಗಿ, ಮತ್ತೆ ತುಂಬಿಸಬೇಕಾಯಿತು.

ಹ್ಯಾಮಿಲ್ಟನ್ನರೂ ದೊಡ್ಡವರೇ, ಥಾಂಪ್ಸನ್ನರೂ ದೊಡ್ಡವರೇ. ಆದರೆ ಒಬ್ಬರಿಗೆ ಕೂಸಿಲ್ಲದ ಮೂರು ವಾರ ಸಿಕ್ಕಿತು, ಇನ್ನೊಬ್ಬರು ಕೂಸನ್ನು ಕಟ್ಟಿಕೊಂಡೇ ಕೆಲಸ ಮಾಡಿದರು. ಯಾರು ಗಂಡಸು, ಯಾರು ಹೆಂಗಸು ಎಂಬುದು ಇಲ್ಲಿ ಕಾಕತಾಳೀಯವೇನಲ್ಲ.

ಇನ್ನು ನಿಮ್ಮ ರಾತ್ರಿಗಳ ಮಾತು. ಎಳೆಗೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ ಎಂದು ಓದಿ, ‘ಅಷ್ಟು ಹೊತ್ತು ಮಲಗಿದ್ದರೆ ನಾನು ಎಷ್ಟು ಕೋಡ್ ಬರೆಯಬಹುದು’ ಎಂದು ಗುಣಾಕಾರ ಮಾಡುವ ಹೊಸ ಅಪ್ಪಂದಿರಿದ್ದಾರೆ. ಆ ನಿದ್ದೆ ಬರುವುದು ಎರಡು-ಮೂರು ತಾಸಿನ ಚೂರುಗಳಲ್ಲಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಬೇಕು, ಅದರಲ್ಲಿ ಹಲವು ರಾತ್ರಿಯೇ. ಹಗಲು-ರಾತ್ರಿಯ ವ್ಯತ್ಯಾಸ ಕೂಸಿನ ಮೈಗೆ ಒಗ್ಗಲು ಎರಡು-ಮೂರು ತಿಂಗಳಾದರೂ ಬೇಕು. ಪ್ರೋಗ್ರಾಮಿಂಗ್‌ಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಸಮಸ್ಯೆಯನ್ನು ತಲೆಯೊಳಗೆ ತುಂಬಿಕೊಳ್ಳಲೇ ಅರ್ಧ ತಾಸು ಹಿಡಿಯುತ್ತದೆ, ನಡುವೆ ಒಂದು ಅಳು ಕೇಳಿದರೆ ಎಲ್ಲ ಚೆಲ್ಲಿಹೋಗುತ್ತದೆ. ‘ನಿದ್ದೆ ಬಿಟ್ಟು ಬರೆಯುತ್ತೇನೆ’ ಎಂಬ ಶೌರ್ಯಕ್ಕೂ ಉತ್ತರವಿದೆ. ಇಟಲಿಯ ಸಂಶೋಧಕರನ್ನೊಳಗೊಂಡ ತಂಡವೊಂದು 45 ಪದವಿ ವಿದ್ಯಾರ್ಥಿಗಳಿಗೆ ಪ್ರೋಗ್ರಾಮ್ ಬರೆಯಲು ಕೊಟ್ಟು ನೋಡಿತು. ಅವರಲ್ಲಿ ಒಂದು ಗುಂಪು ಹಿಂದಿನ ರಾತ್ರಿ ಪೂರ್ತಿ ನಿದ್ದೆಗೆಟ್ಟಿತ್ತು. ನಿದ್ದೆಗೆಟ್ಟವರ ಕೋಡಿನ ಗುಣಮಟ್ಟ ಅರ್ಧಕ್ಕರ್ಧ ಇಳಿದಿತ್ತು. ಒಂದೇ ರಾತ್ರಿಗೆ ಹೀಗೆ. ಮೊದಲ ಮೂರು ತಿಂಗಳು ಅರೆನಿದ್ದೆಯಲ್ಲಿ ಬರೆದದ್ದನ್ನು ನಾಲ್ಕನೆಯ ತಿಂಗಳು ಅಳಿಸುತ್ತ ಕೂರಬೇಕಾದೀತು.

ಸದ್ಯ ನಿಮ್ಮ ನಿದ್ದೆಗೆ ತೊಂದರೆಯಿಲ್ಲ, ಕಾರಣ ಕಮಲಾಪುರದಲ್ಲಿ ಬೇರೆ ಇಬ್ಬರು ಎದ್ದಿದ್ದಾರೆ. ಅಲ್ಲಿ ಶನಿವಾರ ನಿಮ್ಮ ಸ್ಥಿತಿ ಏನಿರುತ್ತದೆಂದು ನಾನು ಬಲ್ಲೆ. ಬಸ್ಸಿಳಿದು ಮನೆಗೆ ಹೋದ ಕೂಡಲೇ ಕುರ್ಚಿ, ಚಹಾ, ಒಂದು ತಾಟು ಸುಸಲಾ. ಅಳಿಯಂದಿರು ಬಂದಿದ್ದಾರೆ! ಕುಂಚಿಗೆ ಕಟ್ಟಿದ ಕೂಸನ್ನು ತಂದು ಐದು ನಿಮಿಷ ತೋರಿಸುತ್ತಾರೆ. ಅದು ಮುಖ ಕಿವಿಚಿದೊಡನೆ ಒಳಗೆ ಒಯ್ಯುತ್ತಾರೆ. ನೀವು ಎದ್ದರೆ ‘ಅಯ್ಯ, ಇದೆಲ್ಲಾ ನಿಮಗ್ಯಾಕ್ರೀ, ನೀವು ಕೂಡ್ರಿ’ ಎಂಬ ಮಾತು. ಬಾಣಂತಿಯ ಕೋಣೆಯಲ್ಲಿ ಅಳಿವಿ ಪಾಯಸ, ಅಂಟಿನುಂಡಿ, ಅಗ್ಗಿಷ್ಟಿಕೆಯ ಕಾವು. ಊರ ಸುತ್ತ ಜಿಐ ಮಾನ್ಯತೆ ಪಡೆದ ಕೆಂಪು ಬಾಳೆ, ಆದರೆ ‘ಥಂಡಿ’ ಎಂದು ಬಾಣಂತಿಗೆ ಬಾಳೆಹಣ್ಣು ಕೊಡದ ಮನೆಗಳೇ ಹೆಚ್ಚು (ವೈದ್ಯರನ್ನು ಕೇಳಿದರೆ ತಿನ್ನಲಿ ಎನ್ನುತ್ತಾರೆ). ಈ ವ್ಯವಸ್ಥೆಯಲ್ಲಿ ಅಪ್ಪ ಅನ್ನುವವನಿಗೆ ಜಾಗವೇ ಇಲ್ಲ. ಬಾಣಂತನದ ಪದ್ಧತಿ ಹೆಂಗಸಿಗೆ ನಿಜವಾದ ಆಸರೆ, ಅದನ್ನು ಹಳಿಯುವವನಲ್ಲ ನಾನು. ಆದರೆ ಆ ನಾಲ್ಕೈದು ತಿಂಗಳು ಅಪ್ಪನಾದವನು ಏನೂ ಕಲಿಯದೆ ಉಳಿಯುತ್ತಾನೆ, ಕೂಸು ಕಲಬುರಗಿಗೆ ಬಂದ ದಿನ ಅವನಿಗೆ ಕೂಸಿನ ಅರಿವೆ ಬದಲಿಸಲೂ ಬರುವುದಿಲ್ಲ. ಆಗ ‘ನಿಮಗೆ ಬರೋದಿಲ್ಲ, ಕೊಡ್ರಿ ಇಲ್ಲಿ’ ಎಂಬಲ್ಲಿಗೆ ಹೆಂಡತಿಯ ಪಾಳಿ ಶಾಶ್ವತವಾಗುತ್ತದೆ.

ಆದ್ದರಿಂದ ಶನಿವಾರ ರಾತ್ರಿಯನ್ನು ಕೇಳಿ ಪಡೆಯಿರಿ. ‘ಅತ್ತಿಯವರ, ಇವತ್ತ ರಾತ್ರಿ ನೀವು ಮಲಕೊಳ್ರಿ, ಹಾಲು ಕುಡಿಸಿದ ಮ್ಯಾಲ ಕೂಸಿನ್ನ ನಾ ನೋಡ್ಕೋತೀನಿ’ ಎಂದು ನೀವೇ ಹೇಳಬೇಕು. ಮೊದಲ ಸಲ ನಗುತ್ತಾರೆ. ಎರಡನೆಯ ಸಲ ಬಾಗಿಲ ಸಂದಿಯಿಂದ ನೋಡುತ್ತಾರೆ. ಆಮೇಲೆ ನಿಜಕ್ಕೂ ಮಲಗುತ್ತಾರೆ. ಹಾಲುಣಿಸುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ, ತೇಗು ತರಿಸುವುದು, ಅರಿವೆ ಬದಲಿಸುವುದು, ಜೋಳಿಗೆಯಲ್ಲಿ ತೂಗುವುದು, ಗಂಡಸಿನ ಕೈಗೂ ಬರುತ್ತದೆ. ವಾರದ ನಡುವೆಯೂ ಒಂದು ರಾತ್ರಿ ಹೋಗಬಹುದು. ನಲವತ್ತು ಕಿಲೋಮೀಟರೂ ಇಲ್ಲದ ದಾರಿ, ಹುಮನಾಬಾದ್-ಬೀದರ್ ಬಸ್ಸೆಲ್ಲ ಅದೇ ಹಾದಿಯವು. ಲ್ಯಾಪ್‌ಟಾಪು, ಮೊಬೈಲ್ ಇಂಟರ್ನೆಟ್ಟು ಇದ್ದವರಿಗೆ ಕಮಲಾಪುರದಿಂದಲೂ ಬೆಂಗಳೂರು ಅಷ್ಟೇ ದೂರ. (ಹೆಂಗಸರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ನಿಮಗಿಲ್ಲ, ಟಿಕೆಟ್ ತೆಗೆಸಬೇಕು.)

ವಾರದ ನಡುವೆ ಹೋಗಲು ಇನ್ನೊಂದು ಕಾರಣವೂ ಇದೆ, ಲಸಿಕೆ. ಇದು ಅಚ್ಚಾಗುವ ಹೊತ್ತಿಗೆ ನಿಮ್ಮ ಕೂಸಿಗೆ ಆರು ವಾರ ತುಂಬಿರುತ್ತದೆ. ಪೆಂಟಾವೇಲೆಂಟ್, ಪೋಲಿಯೊ, ರೋಟಾ, ನ್ಯುಮೋನಿಯಾ ತಡೆಯುವ ಪಿಸಿವಿ ಎಲ್ಲ ಆಗ. ಮುಂದೆ ಮೊದಲಿನ ಮೂರು 10 ಮತ್ತು 14ನೆಯ ವಾರಕ್ಕೆ, ಪಿಸಿವಿ 14ನೆಯ ವಾರಕ್ಕೆ ಮತ್ತೆ ಬರುತ್ತವೆ. ಸರಕಾರಿ ಆಸ್ಪತ್ರೆಗಳಲ್ಲಿ ಲಸಿಕೆಯ ದಿನ ಬಹುಮಟ್ಟಿಗೆ ಗುರುವಾರ, ನಿಮ್ಮ ಶನಿವಾರಕ್ಕೆ ಕಾಯುವುದಿಲ್ಲ. ಪೆಂಟಾವೇಲೆಂಟ್ ಚುಚ್ಚಿಸಿದ ರಾತ್ರಿ ಜ್ವರ, ಅಳು ಸಾಮಾನ್ಯ. ಒಂದು ದಿನ ರಜೆ ಹಾಕುವುದಾದರೆ ಆ ದಿನ ಹಾಕಿ. ತಾಯಿ ಕಾರ್ಡ್, ಲಸಿಕೆಯ ದಿನಗಳು, ಜನನ ಪ್ರಮಾಣಪತ್ರ, ಈ ಕಾಗದಪತ್ರದ ಖಾತೆಯನ್ನು ಪೂರ್ತಿ ನೀವೇ ವಹಿಸಿಕೊಳ್ಳಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಾಹಿತಿ ಕಳಿಸುವ ಹೊಣೆ ಆಸ್ಪತ್ರೆಯದು, ಹೋಯಿತೋ ಇಲ್ಲವೋ ವಿಚಾರಿಸುವುದು ನಿಮ್ಮದು. ತೊಟ್ಟಿಲ ಕಾರ್ಯ ಆಗದೆ ಹೆಸರಿಲ್ಲದ ಪ್ರಮಾಣಪತ್ರ ಬಂದಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಂದು ಅಥವಾ ನಂತರ ಹುಟ್ಟಿದವರಿಗೆ ಶಾಲೆ ಸೇರುವುದರಿಂದ ಹಿಡಿದು ಅನೇಕ ಕಡೆ ಹುಟ್ಟಿನ ಆಧಾರವೆಂದರೆ ಆ ಕಾಗದವೇ. ಕಾಗುಣಿತದ ಮನುಷ್ಯ ನೀವು, ಮಗಳ ಹೆಸರಿನ ಕಾಗುಣಿತ ಅದರಲ್ಲಿ ಸರಿಯಾಗಿದೆಯೇ ನೋಡಿ.

ಒಂದು ಎಚ್ಚರದ ಮಾತು. ಹೆರಿಗೆಯಾದ ಮೇಲೆ ಎರಡು ವಾರ ದಾಟಿದರೂ ಹೆಂಡತಿಗೆ ಮನಸ್ಸು ಕುಗ್ಗಿಯೇ ಇದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬರದಿದ್ದರೆ, ‘ಬಾಣಂತಿ ಅಂದ್ರ ಹಂಗೇ’ ಎಂದು ಬಿಡಬೇಡಿ. ಅಪ್ಪಂದಿರಿಗೂ ಈ ಖಿನ್ನತೆ ಬರುವುದುಂಟು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ನಿಮ್ಮ ತಂತ್ರಾಂಶ. ಅದನ್ನು ನಾನು ಮರೆತಿಲ್ಲ, ಮನಸಾರೆ ಇಷ್ಟಪಟ್ಟೆ ಕೂಡ. ಕನ್ನಡದ ಕಾಗುಣಿತ ಪರೀಕ್ಷೆ ಎಂಥ ಕಷ್ಟದ ಕೆಲಸವೆಂದು ಓದುಗರಿಗೂ ತಿಳಿಯಲಿ. ಇಂಗ್ಲಿಷಿನಲ್ಲಿ ಪದಗಳ ಒಂದು ಪಟ್ಟಿಯಿದ್ದರೆ ಮುಕ್ಕಾಲು ಕೆಲಸ ಆದಂತೆ. ನಮ್ಮಲ್ಲಿ ‘ಮನೆ’ ಎಂಬ ಒಂದು ಪದ ಮನೆಗೆ, ಮನೆಯಲ್ಲಿ, ಮನೆಯವರು, ಮನೆಯವರಿಗೂ, ಮನೆಯಲ್ಲಿದ್ದವರಿಂದಲೇ ಎಂದು ಬೆಳೆಯುತ್ತಲೇ ಹೋಗುತ್ತದೆ. ಎಲ್ಲ ರೂಪಗಳನ್ನೂ ಪಟ್ಟಿ ಮಾಡಿ ಪೂರೈಸುವುದಿಲ್ಲ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್‌ನಂಥವು ಬಳಸುವ ಹನ್‌ಸ್ಪೆಲ್ ಎಂಬ ಮುಕ್ತ ತಂತ್ರಾಂಶ ಹುಟ್ಟಿದ್ದೇ ಇಂಥ ಇನ್ನೊಂದು ಪ್ರತ್ಯಯಬಹುಳ ಭಾಷೆಗೆ, ಹಂಗೇರಿಯನ್ನಿಗೆ. ಅದರಲ್ಲಿ ಎರಡು ಕಡತ: ಒಂದು ಮೂಲಪದಗಳ ಪಟ್ಟಿ, ಇನ್ನೊಂದು ಯಾವ ಪದಕ್ಕೆ ಯಾವ ಪ್ರತ್ಯಯ ಹತ್ತುತ್ತದೆಂಬ ನಿಯಮಗಳು. ಆದರೆ ಅದು ಪ್ರತ್ಯಯದ ಮೇಲೆ ಪ್ರತ್ಯಯವೆಂದು ಎರಡು ಪದರ ಬಿಡಿಸುತ್ತದೆ, ಕನ್ನಡದ ಸರಪಳಿ ಅಲ್ಲಿಗೆ ನಿಲ್ಲುವುದಿಲ್ಲ. ನೀವು ಹನ್‌ಸ್ಪೆಲ್ಲನ್ನೇ ಬಳಸುತ್ತಿರಬಹುದು, ಬೇರೆ ದಾರಿ ಹಿಡಿದಿರಬಹುದು. ಹೇಗಿದ್ದರೂ ಪದಪಟ್ಟಿ, ನಿಯಮ ಎಂಬ ಎರಡು ಬಗೆಯ ಕೆಲಸ ಇದ್ದೇ ಇರುತ್ತದೆ. ಅದೇ ನಿಮಗೆ ಅನುಕೂಲ.

ಪದಪಟ್ಟಿಯ ಕೆಲಸ ಚೂರು ಚೂರಾಗಿ ಆಗುವಂಥದು. ಕೂಸು ಹೆಗಲ ಮೇಲೆ ನಿದ್ದೆಹೋದ ಹತ್ತು ನಿಮಿಷದಲ್ಲಿ ಒಂದೇ ಕೈಯಲ್ಲಿ ಫೋನ್ ಹಿಡಿದು ಇಪ್ಪತ್ತು ಪದ ನೋಡಬಹುದು. ತಪ್ಪಿದ್ದರೆ ಗುರುತು ಹಾಕಿ, ಅಳು ಕೇಳಿದರೆ ಫೋನ್ ಕೆಳಗಿಡಿ, ಏನೂ ಕೆಡುವುದಿಲ್ಲ. ಪರೀಕ್ಷೆಗೆ ಬೇಕಾದ ಸರಿ-ತಪ್ಪು ಪದಗಳ ಜೋಡಿ ಕೂಡಿಡುವುದು, ಬಳಸುವವರಿಗೆ ಕನ್ನಡದಲ್ಲಿ ಕೈಪಿಡಿ ಬರೆಯುವುದು, ಬೇರೆಯವರ ದೂರು ಓದಿ ಉತ್ತರಿಸುವುದೂ ಇದೇ ಜಾತಿ. ಸಂಧಿ-ಪ್ರತ್ಯಯದ ನಿಯಮ ಬರೆಯುವುದು ಮಾತ್ರ ಚೂರು ಸಮಯಕ್ಕೆ ಬಗ್ಗದ ಕೆಲಸ. ಅದಕ್ಕೆ ಮೂರು-ನಾಲ್ಕು ತಾಸಿನ ಅಖಂಡ ಹೊತ್ತು ಬೇಕು. ಮೊದಲ ಆರು ತಿಂಗಳು ಅದನ್ನು ಬೀಗ ಹಾಕಿ ಇಡಿ. ಪಟ್ಟಿ ಶುದ್ಧವಾಗಿದ್ದಷ್ಟೂ ಆಮೇಲೆ ನಿಯಮದ ಕೆಲಸ ಹಗುರ.

ಈ ಬಗೆಯ ನಿಧಾನಕ್ಕೆ ಕನ್ನಡದಲ್ಲೇ ಮೇಲ್ಪಂಕ್ತಿಯಿದೆ. ವಿ. ಕೃಷ್ಣ ಎಂಬವರು ನಾಲ್ಕು ದಶಕಕ್ಕೂ ಮಿಕ್ಕಿ ಒಬ್ಬರೇ ಕೂಡಿಟ್ಟ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ದತ್ತಾಂಶವಾಗಿ ಹೊರಬಂತು, ಕೈಲಾಶ್ ನಾಧ್ ಅವರ ತಂತ್ರಜ್ಞಾನದ ನೆರವಿನಿಂದ. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ನಮೂದುಗಳು. ನಿಮ್ಮ ಪದಪಟ್ಟಿಗೂ ಅದು ಒದಗೀತು, ಪರವಾನಗಿಯ ಷರತ್ತು ಓದಿಕೊಳ್ಳಿ. ಅವರ ನಲವತ್ತು ವರ್ಷದ ಎದುರು ನಿಮ್ಮ ಆರು ತಿಂಗಳ ವಿಳಂಬ ಯಾವ ಲೆಕ್ಕ? ಪರವಾನಗಿಯ ಮಾತು ಬಂತಲ್ಲ, ಕಂಪನಿಯ ಲ್ಯಾಪ್‌ಟಾಪಿನಲ್ಲಿ ಹವ್ಯಾಸದ ಕೋಡ್ ಬರೆಯಬೇಡಿ. ನೌಕರಿಯ ಕರಾರಿನಲ್ಲಿ ‘ನೌಕರ ಬರೆದದ್ದೆಲ್ಲ ಕಂಪನಿಯದು’ ಎಂಬರ್ಥದ ಸಾಲು ಎಷ್ಟೋ ಕಡೆ ಇರುತ್ತದೆ.

ಕೂಸು ಕಲಬುರಗಿಗೆ ಬಂದ ಮೇಲೆ ಅಖಂಡ ಹೊತ್ತಿನ ಚೌಕಾಸಿ ಶುರು ಮಾಡಬಹುದು. ವಾರಕ್ಕೊಂದು ಅರ್ಧ ದಿನ ನಿಮಗೆ, ಒಂದು ಅರ್ಧ ದಿನ ನಿಮ್ಮ ಹೆಂಡತಿಗೆ. ನಿಮ್ಮದು ಬಾಗಿಲು ಹಾಕಿಕೊಂಡ ನಾಲ್ಕು ತಾಸು ಆಗಬಹುದು. ಹಾಲುಣಿಸುವವರಿಗೆ ಅಂಥ ಸಲೀಸು ನಾಲ್ಕು ತಾಸು ಮೊದಲ ಆರು ತಿಂಗಳು ದಕ್ಕುವುದು ಕಷ್ಟ, ಎರಡೆರಡು ತಾಸಿನ ತುಂಡಾಗಿಯೇ ಸಿಗುತ್ತದೆ. ಹಾಗಾಗಿ ಗಡಿಯಾರ ಹಿಡಿದು ಸಮಪಾಲು ಎನ್ನಬೇಡಿ, ಅವರಿಗೆ ತುಸು ಹೆಚ್ಚೇ ಹೋಗಲಿ. ಆ ಹೊತ್ತಿನಲ್ಲಿ ಅವರು ಕೋಡ್ ಬರೆಯಲಿ, ಧಾರಾವಾಹಿ ನೋಡಲಿ, ಮಲಗಲಿ, ಕೇಳುವ ಹಕ್ಕು ನಿಮಗಿಲ್ಲ. ಅವರ ಅವ್ವ ಕಮಲಾಪುರದಿಂದ ಬಂದು ಮನೆಯಲ್ಲಿದ್ದರೆ ಅವರ ದುಡಿಮೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ಅತ್ತೆ ಇದ್ದಾರೆಂದರೆ ಸಮಯ ಪುಕ್ಕಟೆ ಸಿಕ್ಕಿತೆಂದಲ್ಲ.

ದೊಡ್ಡ ಪರೀಕ್ಷೆ ಆಮೇಲೆ ಬರುತ್ತದೆ. ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿಯ ನಂತರ ತಾಯಿಗೆ ಮೊದಲೆರಡು ಮಕ್ಕಳಿಗೆ 26 ವಾರದ ಸಂಬಳಸಹಿತ ಹೆರಿಗೆ ರಜೆಯಿದೆ. ಅದರಲ್ಲಿ ಹೆರಿಗೆಗೆ ಮುಂಚೆ ಗರಿಷ್ಠ 8 ವಾರ ಬಳಸಬಹುದು. ಮುಂಚೆ ಎಷ್ಟು ಬಳಸಿದ್ದಾರೆಂದು ಕಳೆದು ನೋಡಿ, ಉಳಿದದ್ದು ನೀವಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತದೆ. ತಂದೆಗೆ ಕೇಂದ್ರ ಸರಕಾರದ ನೌಕರಿಯಲ್ಲಿ 15 ದಿನ. ಖಾಸಗಿ ಕಂಪನಿ ಇಷ್ಟು ಕೊಡಲೇಬೇಕೆಂಬ ಕಾನೂನಿಲ್ಲ, ನಿಮ್ಮ ಕಂಪನಿಯ ನೀತಿಯಲ್ಲಿ ಏನಿದೆ ಕೇಳಿ, ಉಳಿದಿದ್ದರೆ ಹೆಂಡತಿ ಕೆಲಸಕ್ಕೆ ಮರಳುವ ವಾರಕ್ಕೆ ಇಟ್ಟುಕೊಳ್ಳಲು ಬಿಡುತ್ತಾರೋ ನೋಡಿ. ರಜೆ ಮುಗಿದ ಮೇಲೆ ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ಮಾತಾಡಿಕೊಂಡು ಮನೆಯಿಂದಲೇ ಕೆಲಸ ಮಾಡಲು ಕಾನೂನಿನಲ್ಲೇ ಅವಕಾಶವಿದೆ. 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುವಿಹಾರದ ವ್ಯವಸ್ಥೆಯಿರಬೇಕು. ಆದರೆ ಆಫೀಸು ಬೆಂಗಳೂರಿನಲ್ಲಿ, ಕೂಸು ಕಲಬುರಗಿಯಲ್ಲಿ ಇರುವ ನಿಮಗೆ ಅದರಿಂದ ಪ್ರಯೋಜನವಿಲ್ಲ.

ಅಂದರೆ ಒಂದೇ ಮನೆ, ಇಬ್ಬರು ಡೆವಲಪರುಗಳು, ಒಂದು ಇನ್ವರ್ಟರ್, ಹರಿದಾಡಲು ಕಲಿಯುತ್ತಿರುವ ಒಂದು ಕೂಸು. ಇಬ್ಬರಿಗೂ ಬೆಳಗಿನ ಹತ್ತಕ್ಕೇ ತಂಡದ ಕರೆ ಇದ್ದರೆ ಕೂಸು ಯಾರ ಮಡಿಲಲ್ಲಿ? ಹೆಂಡತಿಯ ಕರೆ ಎಷ್ಟು ಗಂಟೆಗೆಂದು ಈಗಲೇ ಕೇಳಿಟ್ಟುಕೊಳ್ಳಿ. ನಿಮ್ಮದನ್ನು ಅರ್ಧ ತಾಸು ಮುಂದೂಡಲು ನಿಮ್ಮ ಮ್ಯಾನೇಜರಿಗೆ ಈ ವಾರವೇ ಬರೆಯಿರಿ, ಕಾರಣವನ್ನೂ ಮುಚ್ಚಿಡದೆ ಹಾಗೇ ಬರೆಯಿರಿ.